ಕಲ್ಲಿನ ಅರಳು: ಕುಂಡದ ಮಣ್ಣು ಮತ್ತು ಪರ್ಲೈಟ್

ನರ್ಸರಿಯಿಂದ ತಂದ ಗಿಡದ ಕರಿಯ ಪ್ಲಾಸ್ಟಿಕ್ ಚೀಲವನ್ನು ಸೀಳಿದಾಗ ಬೇರುಗಳ ನಡುವೆ ಬಿಳಿಯ ಸಣ್ಣ ಹರಳುಗಳು ಕಾಣಿಸುವುದುಂಟು. ಕೆಲವರು ಅವನ್ನು ಯೂರಿಯಾ ಕಾಳೆಂದು, ಕೆಲವರು ಥರ್ಮೋಕೋಲ್ ಚೂರೆಂದು, ಇನ್ನು ಕೆಲವರು ಯಾವುದೋ ಹುಳುವಿನ ತತ್ತಿಯೆಂದು ಬಗೆಯುತ್ತಾರೆ. ಗಿಡಕ್ಕೆ ಹಾನಿಯಾದೀತೆಂಬ ಅಂಜಿಕೆಯಿಂದ ಅವನ್ನೆಲ್ಲ ಉದುರಿಸಿ, ಹೊಲದಿಂದ ತಂದ ಒಳ್ಳೆಯ ಎರೆಮಣ್ಣನ್ನು ಕುಂಡಕ್ಕೆ ತುಂಬಿ ಗಿಡ ನೆಡುವವರೂ ಇದ್ದಾರೆ. ಕೆಲವು ವಾರಗಳಲ್ಲಿ ಎಲೆ ಜೋಲುತ್ತದೆ. ನೀರು ಸಾಲದೆಂದು ಇನ್ನೊಂದು ತಂಬಿಗೆ ಹಾಕುತ್ತಾರೆ. ಎಲೆ ಹಳದಿಯಾಗಿ ಉದುರುತ್ತದೆ. ಕೊನೆಗೆ ಗಿಡವನ್ನು ಕಿತ್ತು ನೋಡಿದರೆ ಬೇರು ಕಂದುಗಟ್ಟಿ, ಕೊಳೆತು, ನಾರುತ್ತಿರುತ್ತದೆ.

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಮನೆಗಳಲ್ಲಿ ಇದು ಮತ್ತೆ ಮತ್ತೆ ನಡೆಯುವ ಸಂಗತಿ. ಕೆರೆ ಕಟ್ಟಿಸಿದ ಸಿದ್ಧರಾಮನ ಊರಿನ ಆಸುಪಾಸಿನವರಿಗೆ ನೀರಿನ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಬರದ ಸೀಮೆಯೆಂದು ಹೆಸರಾದ ಇದೇ ನೆಲದಲ್ಲಿ ಕುಂಡದ ಗಿಡಗಳು ಬಾಯಾರಿ ಸಾಯುವಷ್ಟೇ ನೀರಿನಲ್ಲಿ ಮುಳುಗಿಯೂ ಸಾಯುತ್ತವೆ. ಗಿಡವೂ ಹೋಗುತ್ತದೆ, ದುಡಿದು ತಂದ ನೀರೂ ಹೋಗುತ್ತದೆ. ಈ ಎರಡೂ ನಷ್ಟಗಳ ಕಾರಣವನ್ನು ಅರಿಯಬೇಕಾದರೆ, ಉದುರಿಸಿ ಚೆಲ್ಲಿದ ಆ ಬಿಳಿಯ ಹರಳು ಯಾವುದು, ಅದು ಬೇರಿನ ನಡುವೆ ಏಕೆ ಇತ್ತು ಎಂಬುದನ್ನು ತಿಳಿಯಬೇಕು. ಆ ಹರಳಿನ ಹೆಸರು ಪರ್ಲೈಟ್.

ಮಣ್ಣಿನೊಳಗಿನ ತೆರಪು

ಮಣ್ಣೆಂದರೆ ಕಣಗಳ ರಾಶಿ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕೃಷಿವಿಜ್ಞಾನದ ಲೆಕ್ಕದಲ್ಲಿ ಬೆಳೆಗೆ ಒಪ್ಪುವ ಮಣ್ಣಿನ ಸುಮಾರು ಅರ್ಧ ಭಾಗ ಮಾತ್ರ ಘನವಸ್ತು. ಅದರಲ್ಲಿ ಖನಿಜ ಕಣಗಳು ಶೇಕಡಾ 45ರಷ್ಟು, ಕೊಳೆತ ಎಲೆ, ಗೊಬ್ಬರ ಮೊದಲಾದ ಜೈವಿಕ ಅಂಶ ಶೇಕಡಾ 5ರಷ್ಟು. ಉಳಿದ ಅರ್ಧ ಬರಿಯ ತೆರಪು. ಆ ತೆರಪಿನ ಸುಮಾರು ಅರ್ಧದಲ್ಲಿ ನೀರು, ಇನ್ನರ್ಧದಲ್ಲಿ ಗಾಳಿ ಇದ್ದರೆ ಬೇರು ಸುಖವಾಗಿರುತ್ತದೆ. ಇದು ಆದರ್ಶದ ಅಳತೆ. ಹೊಲದಿಂದ ಹೊಲಕ್ಕೆ, ದಿನದಿಂದ ದಿನಕ್ಕೆ ಇದು ಬದಲಾಗುತ್ತದೆ.

ಬೇರಿಗೆ ಗಾಳಿ ಏಕೆ ಬೇಕು? ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ. ಬೇರು ಕತ್ತಲಲ್ಲಿದ್ದು ಆ ಆಹಾರವನ್ನು ಬಳಸಿ ದುಡಿಯುತ್ತದೆ. ಹಾಗೆ ದುಡಿಯುವಾಗ ಬೇರು ಪ್ರಾಣಿಗಳಂತೆಯೇ ಉಸಿರಾಡುತ್ತದೆ, ಆಮ್ಲಜನಕವನ್ನು ತೆಗೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಆಮ್ಲಜನಕವು ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವ ವೇಗ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಆದ್ದರಿಂದ ತೆರಪುಗಳೆಲ್ಲ ನೀರಿನಿಂದ ತುಂಬಿದ ಮಣ್ಣಿನಲ್ಲಿ ಬೇರು ಉಸಿರುಗಟ್ಟುತ್ತದೆ. ಉಸಿರುಗಟ್ಟಿದ ಬೇರು ನೀರನ್ನು ಹೀರಲಾರದು. ಸುತ್ತ ನೀರಿದ್ದರೂ ಎಲೆಗೆ ನೀರು ತಲುಪುವುದಿಲ್ಲ, ಎಲೆ ಜೋಲುತ್ತದೆ. ನೀರಿಲ್ಲದ ಗಿಡವೂ ನೀರು ಹೆಚ್ಚಾದ ಗಿಡವೂ ನೋಡುವವರಿಗೆ ಒಂದೇ ಬಗೆಯಾಗಿ ಕಾಣುವುದು ಇದರಿಂದಲೇ. ಇನ್ನೊಂದು ತಂಬಿಗೆ ನೀರು ಹಾಕುವ ತಪ್ಪು ಹುಟ್ಟುವುದೂ ಇಲ್ಲಿಯೇ.

ಈ ಸ್ಥಿತಿಯ ಅರಿವು ರೈತರ ಮಾತಿಗೆ ಹೊಸದಲ್ಲ. ಮಳೆ ನಿಂತು, ಹೆಚ್ಚಿನ ನೀರು ಇಂಗಿ, ಕೆಸರೂ ಅಲ್ಲದ ಧೂಳೂ ಅಲ್ಲದ ಸ್ಥಿತಿಗೆ ಹೊಲ ಬಂದಾಗ ಕನ್ನಡದ ರೈತರು ಭೂಮಿ ಹದಕ್ಕೆ ಬಂತೆನ್ನುತ್ತಾರೆ. ಅದೇ ಹೊಲದ ಬದುವಿನಾಚೆಗಿನ ಮರಾಠಿ ರೈತರು ‘ವಾಫಸಾ’ ಬಂದಿತೆನ್ನುತ್ತಾರೆ. ಮರಾಠಿಯಲ್ಲಿ ‘ವಾಫ’ ಎಂದರೆ ಆವಿ. ಆ ಪದದ ದನಿ ‘ವಾಫಸಾ’ದಲ್ಲಿ ಕೇಳಿಸುತ್ತದೆ. ಎರಡು ನುಡಿಗಳಲ್ಲಿಯೂ ಹೆಸರು ಪಡೆದಿರುವುದು ಒಂದೇ ಸ್ಥಿತಿ: ಮಣ್ಣಿನೊಳಗೆ ನೀರು ಮತ್ತು ಗಾಳಿ ಎರಡೂ ಇರುವ ಸ್ಥಿತಿ. ಪರ್ಲೈಟಿನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಕುಂಡದೊಳಗೆ ಹದವನ್ನು ಉಳಿಸಿಕೊಡುವುದು. ಆದರೆ ಹೊಲದಲ್ಲಿ ತಾನಾಗಿ ಬರುವ ಹದ ಕುಂಡದಲ್ಲಿ ಏಕೆ ಬರುವುದಿಲ್ಲ?

ಕುಂಡಕ್ಕೆ ತಳವಿದೆ

ಎರೆಮಣ್ಣು ಕೆಟ್ಟ ಮಣ್ಣಲ್ಲ. ಮಳೆಗಾಲ ಮುಗಿದ ಮೇಲೆ ಬಿತ್ತುವ ಹಿಂಗಾರಿ ಜೋಳ ಒಡಲಲ್ಲಿ ಉಳಿದ ತೇವದ ಮೇಲೆಯೇ ತೆನೆಗಟ್ಟುವುದು ಈ ಮಣ್ಣಿನ ಬಲದಿಂದ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಮಂಗಳವೇಢೆಯ ಜೋಳ ಇದಕ್ಕೆ ಸಾಕ್ಷಿ. ಆ ಬಲದ ಗುಟ್ಟು ಮಣ್ಣಿನ ಜೇಡಿ ಕಣಗಳಲ್ಲಿದೆ. ಮರಳಿನ ಕಣ 2 ಮಿಲಿಮೀಟರಿನವರೆಗೂ ಇರಬಹುದು. ಜೇಡಿಯ ಕಣ 0.002 ಮಿಲಿಮೀಟರಿಗಿಂತಲೂ ಚಿಕ್ಕದು. ಸೋಜಿಗದ ಸಂಗತಿಯೆಂದರೆ, ಒಟ್ಟು ತೆರಪು ಮರಳಿಗಿಂತ ಜೇಡಿಯಲ್ಲಿಯೇ ಹೆಚ್ಚು. ಆದರೆ ಆ ತೆರಪುಗಳು ಅತಿ ಸಣ್ಣವು. ಸಣ್ಣ ತೆರಪು ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ದೊಡ್ಡ ತೆರಪು ನೀರನ್ನು ಕೆಳಗೆ ಬಿಟ್ಟು ಗಾಳಿಯನ್ನು ಒಳಗೆ ಕರೆದುಕೊಳ್ಳುತ್ತದೆ. ಎರೆಮಣ್ಣಿನಲ್ಲಿ ಕೊರತೆಯಿರುವುದು ದೊಡ್ಡ ತೆರಪಿಗೆ.

ಹೊಲದಲ್ಲಿ ಈ ಕೊರತೆಯನ್ನು ನೆಲವೇ ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ಎರೆಭೂಮಿ ಕುಗ್ಗಿ ಆಳವಾದ ಬಿರುಕು ಬಿಡುತ್ತದೆ. ಮೇಲಿನ ಹುಡಿ ಆ ಬಿರುಕಿಗೆ ಬೀಳುತ್ತದೆ. ಮಳೆ ಬಂದಾಗ ಮತ್ತೆ ಉಬ್ಬುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣೆಂದು ಇದನ್ನು ಹೊಗಳುವುದುಂಟು. ಎರೆಹುಳು, ಕುಂಟೆ, ನೇಗಿಲು ಎಲ್ಲವೂ ಈ ಕೆಲಸಕ್ಕೆ ಒದಗುತ್ತವೆ. ಕುಂಡದಲ್ಲಿ ಇವಾವುವೂ ಇಲ್ಲ. ಅಲ್ಲಿ ಮಣ್ಣು ಒಣಗಿದಾಗ ಗೋಡೆಯಿಂದ ಬಿಟ್ಟುಕೊಂಡು ಗಟ್ಟಿ ಉಂಡೆಯಾಗುತ್ತದೆ. ಮೇಲೆ ಹಾಕಿದ ನೀರು ಗೋಡೆಯ ಸಂದಿಯಿಂದ ಜಾರಿ ತಳದ ತೂತಿನಿಂದ ಹೊರಬರುತ್ತದೆ. ಉಂಡೆಯ ನಡುವೆ ಇರುವ ಬೇರು ಒಣಗಿಯೇ ಉಳಿಯುತ್ತದೆ. ನೀರು ಕೆಳಗೆ ಬಂದುದನ್ನು ಕಂಡು ಗಿಡ ತಣಿಯಿತೆಂದು ಮನೆಯವರು ತಿಳಿಯುತ್ತಾರೆ. ಮತ್ತೆ ಮತ್ತೆ ನೀರು ಹಾಕಿ ಉಂಡೆ ಉಬ್ಬಿದಾಗ ಸ್ಥಿತಿ ತಿರುಗಿ, ಒಳಹೊಕ್ಕ ನೀರು ಹೊರಗೆ ಹೋಗದಂತಾಗುತ್ತದೆ.

ಇನ್ನೊಂದು ಕಾರಣ ಕುಂಡದ ತಳ. ಹೊಲದ ಮೇಲ್ಮಣ್ಣಿನ ನೀರನ್ನು ಕೆಳಗಿನ ಒಣಮಣ್ಣು ಎಳೆದುಕೊಳ್ಳುತ್ತಲೇ ಇರುತ್ತದೆ. ಕುಂಡದ ತೂತಿನ ಕೆಳಗೆ ಮಣ್ಣಿಲ್ಲ, ಬರಿಯ ಗಾಳಿ. ಅಲ್ಲಿಗೆ ಬಂದ ನೀರು ಸಣ್ಣ ತೆರಪುಗಳ ಹಿಡಿತ ಬಿಟ್ಟು ಹೊರಬೀಳುವುದಿಲ್ಲ. ತಳದ ಮೇಲೆ ಒಂದು ಪದರವಾಗಿ ನಿಲ್ಲುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಂಗೈಯ ಮೇಲೆ ಅಡ್ಡಲಾಗಿ ಹಿಡಿದರೆ ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಅದನ್ನೇ ನೆಟ್ಟಗೆ ನಿಲ್ಲಿಸಿ ಹಿಡಿದರೆ ಮತ್ತಷ್ಟು ನೀರು ಇಳಿಯುತ್ತದೆ. ಸ್ಪಂಜು ಅದೇ, ತೆರಪು ಅದೇ. ಎತ್ತರ ಮಾತ್ರ ಬೇರೆ. ಆಳವಿಲ್ಲದ ಅಗಲ ಕುಂಡಗಳಲ್ಲಿ ಬೇರು ಬೇಗ ಕೊಳೆಯುವುದು ಈ ಕಾರಣದಿಂದ.

ಇದನ್ನರಿತರೆ ಒಂದು ಹಳೆಯ ರೂಢಿಯ ದೋಷವೂ ತಿಳಿಯುತ್ತದೆ. ನೀರು ಬಸಿಯಲೆಂದು ಕುಂಡದ ತಳದಲ್ಲಿ ಜಲ್ಲಿ ಅಥವಾ ಹೆಂಚಿನ ಚೂರುಗಳನ್ನು ದಪ್ಪನೆಯ ಪದರವಾಗಿ ಹಾಕುವವರು ಬಹಳ. ನೀರು ಆಗ ಜಲ್ಲಿಯ ಮೇಲಿನ ಮಣ್ಣಿನಲ್ಲಿಯೇ ನಿಲ್ಲುತ್ತದೆ. ನಿಂತ ನೀರಿನ ಪದರ ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ಮಣ್ಣು ಸೋರಿಹೋಗದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರನ್ನು ಇಟ್ಟರೆ ಸಾಕು. ಬದಲಾಯಿಸಬೇಕಾದುದು ತಳವನ್ನಲ್ಲ, ಮಣ್ಣಿನ ಉದ್ದಗಲಕ್ಕೂ ಇರುವ ತೆರಪಿನ ಗಾತ್ರವನ್ನು.

ಪಂಚಮಿಯ ಅರಳು, ಕಲ್ಲಿನ ಅರಳು

ನಾಗರ ಪಂಚಮಿಯ ಹೊತ್ತಿಗೆ ಜೋಳದ ಅರಳು ಹುರಿಯುವುದನ್ನು ಈ ಭಾಗದ ಮಕ್ಕಳೆಲ್ಲ ನೋಡಿರುತ್ತಾರೆ. ನೆರೆಯ ಮರಾಠಿ ಮನೆಗಳಲ್ಲಿ ಅವೇ ‘ಲಾಹ್ಯಾ’. ಕಾಳಿನೊಳಗೆ ಅಡಗಿದ ತೇವ ಬಿಸಿಗೆ ಆವಿಯಾಗಿ, ಹೊರಬರಲು ದಾರಿ ಕಾಣದೆ, ಮೆದುವಾದ ಹಿಟ್ಟನ್ನು ಒಮ್ಮೆಲೇ ಉಬ್ಬಿಸಿ ಅರಳಿಸುತ್ತದೆ. ಪರ್ಲೈಟ್ ಹುಟ್ಟುವ ರೀತಿ ಬಹುಮಟ್ಟಿಗೆ ಇದೇ. ಇಲ್ಲಿ ಅರಳುವುದು ಕಾಳಲ್ಲ, ಕಲ್ಲು.

ಪರ್ಲೈಟ್ ಜ್ವಾಲಾಮುಖಿಯಿಂದ ಬಂದ ಗಾಜು. ಮರಳಿನ ಮೂಲದ್ರವ್ಯವಾದ ಸಿಲಿಕಾ ಹೇರಳವಾಗಿರುವ ಲಾವಾ ಬೇಗನೆ ತಣಿದರೆ ಹರಳುಗಟ್ಟದೆ ಗಾಜಾಗುತ್ತದೆ. ಕಪ್ಪಗೆ ಹೊಳೆಯುವ ಆಬ್ಸಿಡಿಯನ್ ಇಂಥ ಗಾಜು. ಕಾಲಾಂತರದಲ್ಲಿ ನೀರು ಆ ಗಾಜಿನೊಳಗೆ ಸೇರಿ ಬಂಧಿಯಾದಾಗ ಅದು ಪರ್ಲೈಟ್ ಆಗುತ್ತದೆ. ಅದರ ತೂಕದ ಶೇಕಡಾ 2ರಿಂದ 5ರಷ್ಟು ಹೀಗೆ ಬಂಧಿಯಾದ ನೀರು. ನೀರು ಸೇರುವಾಗ ಗಾಜಿನಲ್ಲಿ ಈರುಳ್ಳಿಯ ಪದರಗಳಂತೆ ಸುತ್ತುಸುತ್ತಾದ ಬಿರುಕುಗಳು ಮೂಡಿ, ಕಲ್ಲಿಗೆ ಮುತ್ತಿನ ಹೊಳಪು ಬರುವುದುಂಟು. ಮುತ್ತೆಂಬ ಅರ್ಥದ ಯುರೋಪಿನ ಪದದಿಂದಲೇ ಈ ಹೆಸರು ಬಂದಿದೆ. ಉಕ್ಕಿನ ಒಳರಚನೆಯ ವಿವರಣೆಯಲ್ಲಿಯೂ ಇದೇ ಉಚ್ಚಾರಣೆಯ ಒಂದು ಪದವಿದೆ. ಅದರ ಹೆಸರೂ ಮುತ್ತಿನ ಹೊಳಪಿನಿಂದಲೇ ಬಂದುದಾದರೂ ವಸ್ತು ಬೇರೆ.

ಗಣಿಯಿಂದ ತೆಗೆದ ಈ ಕಲ್ಲನ್ನು ಸಣ್ಣಗೆ ಒಡೆದು, ಜರಡಿ ಹಿಡಿದು, ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಗೆ ಬಿಡುತ್ತಾರೆ. ಗಾಜು ಮೆದುವಾಗುವ ಹೊತ್ತಿಗೆ ಒಳಗಿನ ನೀರು ಆವಿಯಾಗುತ್ತದೆ; ಅಸಂಖ್ಯ ಗುಳ್ಳೆಗಳೆದ್ದು ಕಣ ತನ್ನ ಮೊದಲಿನ ಗಾತ್ರದ 4ರಿಂದ 20 ಪಟ್ಟು ಉಬ್ಬುತ್ತದೆ. ಬೂದು ಬಣ್ಣದ ಕಲ್ಲು ಬೆಳ್ಳಗಾಗುವುದು ಆ ಗುಳ್ಳೆಗಳಿಂದ. ಒಡೆದ ಕಚ್ಚಾ ಕಲ್ಲಿನ ಒಂದು ಘನ ಮೀಟರ್ ರಾಶಿ ಸುಮಾರು 1,100 ಕಿಲೋಗ್ರಾಂ ತೂಗಿದರೆ, ಅರಳಿದ ಪರ್ಲೈಟಿನ ಅಷ್ಟೇ ರಾಶಿ 30ರಿಂದ 150 ಕಿಲೋಗ್ರಾಂ ಮಾತ್ರ.

ಗ್ರೀಸಿನ ಮೀಲೋಸ್ ದ್ವೀಪ, ತುರ್ಕಿ, ಚೀನಾ, ಅಮೆರಿಕದ ನ್ಯೂ ಮೆಕ್ಸಿಕೋ ಇದರ ಹೆಸರಾದ ನೆಲೆಗಳು. ಅಮೆರಿಕದಲ್ಲಿ 1940ರ ದಶಕದಲ್ಲಿ ಇದರ ವಾಣಿಜ್ಯ ಉತ್ಪಾದನೆ ಬೆಳೆಯಿತು. ಮೊದಲಿಗೆ ಗೋಡೆಯ ಗಿಲಾವು, ಶಾಖ ತಡೆಯುವ ಹೊದಿಕೆ, ದ್ರವಗಳ ಸೋಸುವಿಕೆ ಮುಂತಾದುವಕ್ಕೆ ಬಳಕೆಯಾದ ವಸ್ತು ಮುಂದೆ ತೋಟಗಾರಿಕೆಗೂ ಬಂದಿತು. 1960ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯವು ಪೀಟ್ ಎಂಬ ಜವುಗು ನೆಲದ ಪಾಚಿಯ ಹುಡಿಗೆ ಪರ್ಲೈಟ್ ಅಥವಾ ವರ್ಮಿಕ್ಯುಲೈಟ್ ಬೆರೆಸಿ, ಹೊಲದ ಮಣ್ಣೇ ಇಲ್ಲದ ಸಸಿಮಿಶ್ರಣಗಳನ್ನು ರೂಪಿಸಿತು. ಇಂದು ನರ್ಸರಿಗಳು ತೆಂಗಿನ ನಾರಿನ ಹುಡಿಯಾದ ಕೊಕೊಪೀಟಿನೊಡನೆ ಪರ್ಲೈಟ್ ಬೆರೆಸುವುದು ಅದೇ ವಿಚಾರದ ಮುಂದುವರಿಕೆ.

ಒಂದೇ ಬೆಂಕಿಯ ಕುಲ

ಎರೆಮಣ್ಣೂ ಜ್ವಾಲಾಮುಖಿಯ ಮೂಲದ್ದೇ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಕಾಲದಲ್ಲಿ ಪದರಪದರವಾಗಿ ಹರಿದ ಲಾವಾದಿಂದ ದಖನ್ನಿನ ಕಪ್ಪು ಬಸಾಲ್ಟ್ ಕಲ್ಲು ಉಂಟಾಯಿತು. ಅದರಲ್ಲಿ ಸಿಲಿಕಾ ಅರ್ಧದಷ್ಟು. ಪರ್ಲೈಟಿನಲ್ಲಿ ಶೇಕಡಾ 70ಕ್ಕೂ ಮೇಲೆ. ಬಸಾಲ್ಟ್ ಬಿಸಿಲು ಮಳೆಗಳಿಗೆ ಸವೆದು, ಕರಗಿ, ಸ್ಮೆಕ್ಟೈಟ್ ಎಂಬ ಜಾತಿಯ ಜೇಡಿಯಾಯಿತು. ಈ ಜೇಡಿಯ ಹಾಳೆಯಂಥ ಪದರಗಳ ನಡುವೆ ನೀರು ಹೊಕ್ಕಾಗ ಅದು ಉಬ್ಬುತ್ತದೆ. ನೀರು ಹೋದಾಗ ಕುಗ್ಗುತ್ತದೆ.

ಇಬ್ಬರೂ ಉಬ್ಬುವವರೇ. ಆದರೆ ಎರೆಮಣ್ಣು ಪ್ರತಿ ಮಳೆಗೂ ಉಬ್ಬಿ ಪ್ರತಿ ಬಿಸಿಲಿಗೂ ಕುಗ್ಗುತ್ತದೆ. ಪರ್ಲೈಟ್ ಬೆಂಕಿಯಲ್ಲಿ ಒಮ್ಮೆ ಉಬ್ಬಿದ ಮೇಲೆ ನೀರು ಬರಲಿ ಬಿಸಿಲು ಬರಲಿ ತನ್ನ ಗಾತ್ರವನ್ನು ಬದಲಿಸುವುದಿಲ್ಲ. ಹಿಗ್ಗಿ ಕುಗ್ಗುವ ಮಣ್ಣಿನ ನಡುವೆ ಹಿಗ್ಗದೆ ಕುಗ್ಗದೆ ನಿಲ್ಲುವ ಕಣಗಳನ್ನು ಸೇರಿಸಿದಾಗ ಅವುಗಳ ಸುತ್ತ ದೊಡ್ಡ ತೆರಪುಗಳು ತೆರೆದೇ ಉಳಿಯುತ್ತವೆ. ನೀರು ಇಳಿಯಲು, ಗಾಳಿ ಬರಲು ಅವೇ ದಾರಿ.

ಮಾಡುವುದೇನು, ಮಾಡದಿರುವುದೇನು

ಪರ್ಲೈಟಿನ ಒಳಗುಳ್ಳೆಗಳಲ್ಲಿ ಹೆಚ್ಚಿನವು ಮುಚ್ಚಿಕೊಂಡಿರುತ್ತವೆ. ಒರಟಾದ ಹೊರಮೈ ಮಾತ್ರ ಸ್ವಲ್ಪ ನೀರನ್ನು ಹಿಡಿಯುತ್ತದೆ. ಅದು ಕೊಳೆಯದು, ಆಮ್ಲವೂ ಅಲ್ಲ ಕ್ಷಾರವೂ ಅಲ್ಲ. ಕುಲುಮೆಯಿಂದ ಬಂದುದಾದ್ದರಿಂದ ಹೊಸ ಚೀಲದಲ್ಲಿ ರೋಗಾಣುಗಳೂ ಕಳೆಯ ಬೀಜಗಳೂ ಇರುವುದಿಲ್ಲ. ಕಡ್ಡಿ ನೆಟ್ಟು ಬೇರು ಬರಿಸಲು, ಬೀಜ ಮೊಳೆಯಿಸಲು ಇದು ಒಪ್ಪುವುದು ಈ ಗುಣದಿಂದ.

ಆದರೆ ಪರ್ಲೈಟ್ ಗೊಬ್ಬರವಲ್ಲ. ಅದರಿಂದ ಗಿಡಕ್ಕೆ ಆಹಾರ ದೊರೆಯುವುದಿಲ್ಲ. ಬೇರೆಡೆಯಿಂದ ಬಂದ ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿಯೂ ಅದಕ್ಕೆ ಅತ್ಯಲ್ಪ. ತಿಪ್ಪೆಗೊಬ್ಬರ, ಕಾಂಪೋಸ್ಟ್ ಅಥವಾ ಎರೆಹುಳು ಗೊಬ್ಬರ ಜೊತೆಗೆ ಇರಲೇಬೇಕು. ಅದು ನೀರನ್ನು ಉಳಿಸುವ ವಸ್ತುವೂ ಅಲ್ಲ. ಉಷ್ಣತೆ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಪರ್ಲೈಟ್ ಹೆಚ್ಚಾದ ಕುಂಡ ಸಂಜೆಯೊಳಗೆ ಒಣಗಿಹೋಗಬಹುದು. ಉಸಿರುಗಟ್ಟುವ ಗಿಡವನ್ನು ಉಳಿಸಲು ಹೋಗಿ ಬಾಯಾರಿಸಿ ಕೊಂದರೆ ಬಂದ ಲಾಭವೇನು? ಗಾಳಿಯನ್ನು ಪರ್ಲೈಟಿನಿಂದಲೂ ತೇವವನ್ನು ಗೊಬ್ಬರ ಮತ್ತು ಕೊಕೊಪೀಟಿನಿಂದಲೂ ಪಡೆದು ಎರಡನ್ನೂ ಸರಿದೂಗಿಸಬೇಕು.

ಅಂಗಡಿಯಲ್ಲಿ ಪರ್ಲೈಟಿನ ಪಕ್ಕದಲ್ಲಿಯೇ ಸಿಗುವ ವರ್ಮಿಕ್ಯುಲೈಟ್ ಬೇರೆ ವಸ್ತು. ಅದು ಕಾಗೆಬಂಗಾರದ ಜಾತಿಯ ಖನಿಜ; ಕಾಯಿಸಿದಾಗ ಹಾಳೆಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಕಂದು ಹೊನ್ನಿನ ಬಣ್ಣದ ಅದು ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುತ್ತದೆ. ಬೇಗ ಒಣಗುವ ಮಿಶ್ರಣಕ್ಕೆ ವರ್ಮಿಕ್ಯುಲೈಟ್, ನೀರು ಬಿಡದ ಮಿಶ್ರಣಕ್ಕೆ ಪರ್ಲೈಟ್ ಎಂದು ನೆನಪಿಡಬಹುದು. ಇನ್ನು ಥರ್ಮೋಕೋಲ್ ಗುಂಡು: ಅದು ದುಂಡಗೆ, ಮೆತ್ತಗೆ ಇರುತ್ತದೆ, ಒತ್ತಿದರೆ ಅಮುಕಿಕೊಳ್ಳುತ್ತದೆ. ಪರ್ಲೈಟ್ ಅಡ್ಡಾದಿಡ್ಡಿ ಆಕಾರದ್ದು. ಉಗುರಿನಿಂದ ಒತ್ತಿದರೆ ಗರಗರನೆ ಪುಡಿಯಾಗುತ್ತದೆ.

ಮರಳನ್ನೇ ಏಕೆ ಬೆರೆಸಬಾರದು ಎಂದು ಕೇಳಬಹುದು. ಜೇಡಿಗೆ ಸ್ವಲ್ಪ ಮರಳು ಬೆರೆಸಿದರೆ ಮರಳಿನ ಕಣಗಳ ಸುತ್ತಲಿನ ಜಾಗವನ್ನೆಲ್ಲ ಜೇಡಿಯೇ ತುಂಬಿ, ಗಾರೆಯಂತೆ ಬಿಗಿಯುತ್ತದೆ. ಗುಣ ಕಾಣಬೇಕಾದರೆ ಮಣ್ಣಿಗಿಂತ ಮರಳೇ ಹೆಚ್ಚಾಗಬೇಕು. ಆಗ ಕುಂಡ ಎತ್ತಲಾರದಷ್ಟು ಭಾರ. ಪರ್ಲೈಟನ್ನೂ ಚಿಟಿಕೆಯಷ್ಟು ಹಾಕಿದರೆ ಫಲವಿಲ್ಲ ಎಂಬುದಕ್ಕೂ ಇದೇ ಕಾರಣ. ಕಣಗಳು ಒಂದಕ್ಕೊಂದು ಸಮೀಪವಾಗುವಷ್ಟು ಪ್ರಮಾಣದಲ್ಲಿದ್ದಾಗ ಮಾತ್ರ ತೆರಪಿನಿಂದ ತೆರಪಿಗೆ ದಾರಿ ಬೀಳುತ್ತದೆ.

ಅಳತೆ ಮತ್ತು ಕ್ರಮ

ಅಳತೆಯನ್ನು ತೂಕದಲ್ಲಿ ಹಿಡಿಯಬಾರದು, ಗಾತ್ರದಲ್ಲಿ ಹಿಡಿಯಬೇಕು. ಒಂದೇ ಬಟ್ಟಲಿನಿಂದ ಎಲ್ಲವನ್ನೂ ಅಳೆಯುವುದು ಸುಲಭ. ಎರೆಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ಕೊಕೊಪೀಟ್ ಒಂದು ಪಾಲು, ಪರ್ಲೈಟ್ ಒಂದು ಪಾಲು ಸೇರಿದರೆ ಹೂಗಿಡಗಳಿಗೂ ತುಳಸಿಗೂ ಸೊಪ್ಪಿಗೂ ಒಪ್ಪುವ ಮಿಶ್ರಣವಾಗುತ್ತದೆ. ಮಸಾರಿ ಮಣ್ಣು ದೊರೆತರೆ ಮಣ್ಣು ಎರಡು ಪಾಲು, ಗೊಬ್ಬರ ಒಂದು, ಪರ್ಲೈಟ್ ಒಂದು ಸಾಕು. ಕಳ್ಳಿಯ ಜಾತಿ, ಅಡೇನಿಯಂ ಮೊದಲಾದ ದಪ್ಪ ಕಾಂಡದ ಗಿಡಗಳಿಗೆ ಪರ್ಲೈಟ್ ಅರ್ಧದವರೆಗೂ ಇರಬಹುದು. ತಟ್ಟೆಗಳಲ್ಲಿ ಸಸಿ ಬೆಳೆಸುವವರು ಕೊಕೊಪೀಟ್ ಮೂರು, ಪರ್ಲೈಟ್ ಒಂದು, ವರ್ಮಿಕ್ಯುಲೈಟ್ ಒಂದು ಪಾಲಿನ ಮಿಶ್ರಣವನ್ನು ಬಳಸುವುದು ರೂಢಿ.

10 ಲೀಟರ್ ಕುಂಡಕ್ಕೆ ಕಾಲುಭಾಗವೆಂದರೆ ಎರಡೂವರೆ ಲೀಟರ್ ಪರ್ಲೈಟ್. ಅದರ ತೂಕ ಸುಮಾರು 250 ಗ್ರಾಂ. ಅಷ್ಟೇ ಗಾತ್ರದ ಮರಳು ನಾಲ್ಕು ಕಿಲೋಗ್ರಾಂ ತೂಗುತ್ತದೆ. ಮಾಳಿಗೆಯ ಮೇಲೆ ಕುಂಡಗಳನ್ನು ಇಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಬೀಜಕ್ಕೆ ಸಣ್ಣ ಕಣ, ಕುಂಡಕ್ಕೆ 3ರಿಂದ 6 ಮಿಲಿಮೀಟರಿನ ದಪ್ಪ ಕಣ ಆರಿಸಬೇಕು. ಚೀಲದ ತಳದ ಹಿಟ್ಟಿನಂಥ ಪುಡಿ ತೆರಪನ್ನು ತೆರೆಯುವ ಬದಲು ಮುಚ್ಚುತ್ತದೆ. ಅದನ್ನು ಸಾಣಿಸಿ ಬಿಡಬೇಕು.

ಪರ್ಲೈಟಿನ ಧೂಳು ಮೂಗಿಗೂ ಕಣ್ಣಿಗೂ ಒಳ್ಳೆಯದಲ್ಲ. ಚೀಲ ಬಿಚ್ಚಿದ ಕೂಡಲೇ ಒಳಗೆ ನೀರು ಚಿಮುಕಿಸಿ ಒದ್ದೆ ಮಾಡಬೇಕು, ಮೂಗಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟಬೇಕು, ತೆರೆದ ಅಂಗಳದಲ್ಲಿ ಬೆರೆಸಬೇಕು. ಎರೆಮಣ್ಣು ಹಸಿ ಮುದ್ದೆಯಾಗಿದ್ದಾಗ ಬೆರೆಸಿದರೆ ಬೆರೆಯುವುದಿಲ್ಲ, ಒಣಹೆಂಟೆಯಾಗಿದ್ದಾಗ ಒಡೆಯುವುದಿಲ್ಲ. ಹಿಡಿದರೆ ಉಂಡೆಯಾಗಿ, ಬೆರಳು ತಾಕಿದರೆ ಉದುರುವ ಹದದಲ್ಲಿ ಬೆರೆಸಬೇಕು. ನರ್ಸರಿಯ ಗಿಡದ ಬೇರಿನುಂಡೆ ಹಗುರ ಮಿಶ್ರಣದ್ದಾಗಿದ್ದು ಸುತ್ತಲೂ ಬರಿಯ ಜೇಡಿ ತುಂಬಿದರೆ ಎರಡರ ನಡುವೆ ನೀರು ಸರಿಯಾಗಿ ಹಾಯುವುದಿಲ್ಲ. ಒಂದು ಒದ್ದೆಯಾಗಿದ್ದಾಗ ಇನ್ನೊಂದು ಒಣಗಿರುತ್ತದೆ. ಹೊಸ ಮಣ್ಣು ಹಳೆಯದಕ್ಕೆ ಆದಷ್ಟು ಹತ್ತಿರದ ಗುಣದ್ದಾಗಿರಬೇಕು. ನೆಟ್ಟ ಮೇಲೆ ಮೊದಲ ನೀರಿಗೆ ಕೆಲವು ಹರಳುಗಳು ತೇಲಿ ಮೇಲೆ ಬರುತ್ತವೆ. ಸ್ವಲ್ಪ ಒಣಎಲೆಯ ಹೊದಿಕೆ ಹಾಕಿದರೆ ಹರಳೂ ನಿಲ್ಲುತ್ತದೆ, ತೇವವೂ ಉಳಿಯುತ್ತದೆ.

ಮಾಡಿ ನೋಡುವ ಒಂದು ಪ್ರಯೋಗ

ಮಿಶ್ರಣ ಸರಿಯಾಗಿದೆಯೆ ಎಂಬುದನ್ನು ಯಾರ ಮಾತನ್ನೂ ನಂಬದೆ ಮನೆಯಲ್ಲಿಯೇ ಅಳೆಯಬಹುದು. ಒಂದು ಲೀಟರ್ ಹಿಡಿಯುವ ಡಬ್ಬಿಯ ತಳಕ್ಕೆ ನಾಲ್ಕಾರು ತೂತು ಹಾಕಿ ಹೊರಗಿನಿಂದ ಟೇಪು ಅಂಟಿಸಬೇಕು. ಮಿಶ್ರಣವನ್ನು ಅಂಚಿನವರೆಗೆ ತುಂಬಿ, ಮೇಲೆ ನೀರು ಹೊಳೆಯುವವರೆಗೆ ಮೆಲ್ಲನೆ ನೀರು ಹಾಕಬೇಕು. ಒಂದು ಗಂಟೆ ಬಿಟ್ಟು, ಇಂಗಿದಷ್ಟು ನೀರನ್ನು ಮತ್ತೆ ತುಂಬಬೇಕು. ಬಳಿಕ ಡಬ್ಬಿಯನ್ನು ಪಾತ್ರೆಯ ಮೇಲೆ ಹಿಡಿದು ಟೇಪು ಕೀಳಬೇಕು. ಬಸಿದು ಬಂದ ನೀರು ಎಷ್ಟೋ, ಅಷ್ಟು ಜಾಗವನ್ನು ಈಗ ಗಾಳಿ ತುಂಬಿದೆ ಎಂದರ್ಥ. 100ರಿಂದ 200 ಮಿಲಿಲೀಟರ್ ಬಸಿದರೆ ಬಹುಪಾಲು ಕುಂಡದ ಗಿಡಗಳಿಗೆ ಸಾಕಾದ ಗಾಳಿಯಿದೆ. ಬರಿಯ ಎರೆಮಣ್ಣಿನ ಡಬ್ಬಿಯನ್ನೂ ಮಿಶ್ರಣದ ಡಬ್ಬಿಯನ್ನೂ ಅಕ್ಕಪಕ್ಕ ಇಟ್ಟು ಈ ಪ್ರಯೋಗ ಮಾಡಿದರೆ ಮೇಲಿನ ವಿವರಣೆಯೆಲ್ಲ ಎರಡು ಲೋಟಗಳಲ್ಲಿ ಕಣ್ಣಿಗೆ ಕಾಣುತ್ತದೆ.

ಹೊಲಕ್ಕೆ ಇದು ಬೇಡ

ಕುಂಡದಲ್ಲಿ ಗುಣ ಕಂಡವರಿಗೆ ಹಿತ್ತಲಿಗೂ ಹೊಲಕ್ಕೂ ಹಾಕುವ ಆಸೆ ಹುಟ್ಟಬಹುದು. ಒಂದು ಗುಂಟೆ ನೆಲವೆಂದರೆ ಸುಮಾರು 101 ಚದರ ಮೀಟರ್. ಅದರ ಮೇಲಿನ 15 ಸೆಂಟಿಮೀಟರ್ ಮಣ್ಣು 15 ಘನ ಮೀಟರ್, ಅಂದರೆ 15,000 ಲೀಟರ್. ಐದರಲ್ಲೊಂದು ಪಾಲು ಪರ್ಲೈಟ್ ಹಾಕುವುದಾದರೆ 3,000 ಲೀಟರ್ ಬೇಕು. 10 ಲೀಟರಿನ 300 ಚೀಲಗಳು. ದುಡ್ಡಿದ್ದವರಿಗೂ ಇದು ವಿವೇಕವಲ್ಲ, ಏಕೆಂದರೆ ಕುಂಟೆ ನೇಗಿಲುಗಳಿಗೆ ಸಿಕ್ಕಿ ಹರಳು ಪುಡಿಯಾಗುತ್ತದೆ, ದೊಡ್ಡ ಮಳೆಗೆ ತೇಲಿ ಹೋಗುತ್ತದೆ. ಹೊಲದ ತೆರಪು ತೆರೆಯುವವು ಗೊಬ್ಬರ, ಹಸಿರೆಲೆ ಗೊಬ್ಬರ, ಏರುಮಡಿ, ಬಸಿಗಾಲುವೆಗಳು. ಸವಳು ನೆಲದ ಮದ್ದು ಬೇರೆ. ಅದನ್ನು ಮಣ್ಣು ಪರೀಕ್ಷೆಯ ಬಳಿಕವೇ ಹೇಳಬೇಕು. ದಾಳಿಂಬೆಯಂಥ ಬೆಳೆಗೆ ನೀರು ನಿಲ್ಲುವ ಎರೆಭೂಮಿಗಿಂತ ಹಗುರವಾದ ಮುರುಮಿನ ಭೂಮಿ ಒಗ್ಗುತ್ತದೆ ಎಂಬ ಅನುಭವದ ಹಿಂದೆಯೂ ಇದೇ ಗಾಳಿ ನೀರಿನ ಲೆಕ್ಕವಿದೆ.

ಕುಂಡಕ್ಕೂ ಪರ್ಲೈಟೇ ಆಗಬೇಕೆಂದಿಲ್ಲ. ಮುರುಮನ್ನು ಜರಡಿ ಹಿಡಿದು, ಧೂಳು ತೆಗೆದು, ಕಡಲೆಕಾಳಿನ ಗಾತ್ರದ ಹರಳುಗಳನ್ನು ಉಳಿಸಿಕೊಂಡರೆ, ಅಥವಾ ಹಳೆಯ ಇಟ್ಟಂಗಿಯನ್ನು ಅದೇ ಗಾತ್ರಕ್ಕೆ ಒಡೆದರೆ, ತೆರಪು ತೆರೆಯುವ ಕೆಲಸ ಅವುಗಳಿಂದಲೂ ಆಗುತ್ತದೆ. ಭಾರ ಮಾತ್ರ ಹೆಚ್ಚು. ಇದ್ದಿಲಿನ ಚೂರು ಹಗುರವೂ ಹೌದು. ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆಗಳು ಮೊದಲಿಗೆ ಮಣ್ಣನ್ನು ಸಡಿಲಿಸಿದರೂ ಕೊಳೆಯುವಾಗ ಗಿಡಕ್ಕೆ ಸೇರಬೇಕಾದ ಸಾರಜನಕವನ್ನು ತಾವು ಬಳಸುತ್ತವೆ, ಕೊಳೆತ ಮೇಲೆ ಮಣ್ಣು ಮತ್ತೆ ಕುಸಿಯುತ್ತದೆ. ಅವನ್ನು ಕಾಂಪೋಸ್ಟ್ ಮಾಡಿಯೇ ಬಳಸಬೇಕು. ನಾಲ್ಕೈದು ಕುಂಡದ ಮನೆಗೆ ಮುರುಮು ಸಾಕು. ಮಾಳಿಗೆಯ ಕೈತೋಟ, ಕಡ್ಡಿ ನೆಟ್ಟು ಸಸಿ ಮಾಡುವ ಕಸುಬು, ಸಸಿತಟ್ಟೆ ಇವುಗಳಿಗೆ ಪರ್ಲೈಟಿನ ವೆಚ್ಚ ಸಾರ್ಥಕ. ಹಳೆಯ ಕುಂಡದ ಪರ್ಲೈಟನ್ನು ಚೆಲ್ಲಬೇಕಾಗಿಲ್ಲ. ಗಿಡ ರೋಗದಿಂದ ಸತ್ತಿರದಿದ್ದರೆ ಅದೇ ಮಿಶ್ರಣಕ್ಕೆ ಹೊಸ ಗೊಬ್ಬರ ಸೇರಿಸಿ ಮತ್ತೆ ಬಳಸಬಹುದು.

ಹದವೆಂಬ ಮಾತು

ಪಾಕಕ್ಕೆ ಹದ, ತೊಗಲಿಗೆ ಹದ, ಮಾತಿಗೆ ಹದ, ಮಣ್ಣಿಗೆ ಹದ. ಕನ್ನಡವನ್ನು ಐಚ್ಛಿಕವಾಗಿ ಓದುವವರಿಗೆ ಈ ಪದದ ಹರವು ಪರಿಚಿತವೇ. ನಿಘಂಟು ಅದಕ್ಕೆ ಯೋಗ್ಯ ಸ್ಥಿತಿ ಎಂಬಂಥ ಅರ್ಥವನ್ನು ಕೊಟ್ಟು ಮುಂದೆ ಸಾಗುತ್ತದೆ. ಮಣ್ಣಿನ ವಿಷಯದಲ್ಲಿ ಆ ಯೋಗ್ಯತೆ ಎಂದರೇನೆಂದು ಕೇಳಿದರೆ ಉತ್ತರ ಮೇಲಿನ ಒಂದು ಲೀಟರಿನ ಡಬ್ಬಿಯಲ್ಲಿದೆ: ಎಷ್ಟು ನೀರು ಉಳಿಯಿತು, ಎಷ್ಟು ಬಸಿದು ಗಾಳಿಗೆ ಎಡೆಯಾಯಿತು ಎಂಬುದೇ ಹದ. ಅಳೆಯಬಲ್ಲ ಒಂದು ಸಂಗತಿಯನ್ನು ಬೆರಳ ತುದಿಯಿಂದ ಅರಿತು, ಎರಡಕ್ಷರದಲ್ಲಿ ಹೆಸರಿಟ್ಟವರು ಓದುಬರಹವಿಲ್ಲದ ರೈತರು. ಪರ್ಲೈಟ್ ಚೀಲದ ಮೇಲಿನ ಬರಹ ಇಂಗ್ಲಿಷಿನಲ್ಲಿರುತ್ತದೆ, ಕೆಲವೊಮ್ಮೆ ಮರಾಠಿಯಲ್ಲಿಯೂ ಇರಬಹುದು. ಅದನ್ನು ಓದಿ ಮನೆಯಲ್ಲಿ ಅವ್ವನಿಗೆ ವಿವರಿಸುವಾಗ ಕನ್ನಡದಲ್ಲಿ ಹೊಸ ಪದ ಕಟ್ಟುವ ಕಷ್ಟ ವಿದ್ಯಾರ್ಥಿಗೆ ಬೇಕಾಗಿಲ್ಲ. ಕುಂಡದ ಮಣ್ಣಿಗೆ ಹದ ಬರಲೆಂದು ಹಾಕುವ ಕಲ್ಲಿನ ಅರಳು ಎಂದರೆ ಅವಳಿಗೆ ತಿಳಿಯುತ್ತದೆ. ಮುಂದಿನ ಸಲ ಎಲೆ ಜೋತಾಗ ತಂಬಿಗೆ ಎತ್ತುವ ಮೊದಲು, ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ ನೋಡುವುದಷ್ಟೇ ಉಳಿದ ಕೆಲಸ.